ಚಪ್ಪಟೆಯಲ್ಲಿ ನಿಂತ ವಜ್ರ ಅಂಚಿನಲ್ಲಿ ಏಕೆ ಎದ್ದಿತು? ಹೊಸೂರಿನ ಒಂದು ಪ್ರಕರಣ

ಡಬ್ಬಿಯ ತಳದಲ್ಲಿ ಒಂದು ಚೂರು ಬಿದ್ದಿತ್ತು. ಬೂದು ಬಣ್ಣ, ಎಳ್ಳಿನಷ್ಟೂ ಇಲ್ಲ. ಹಿಂದಿನ ದಿನ ಸಂಜೆ ಆ ಎಂಡ್ ಮಿಲ್ಲನ್ನು, ಅಂದರೆ ತಿರುಗುತ್ತಾ ಕಡಿಯುವ ಕಡ್ಡಿಯಂಥ ಟೂಲನ್ನು, ನಾನೇ ಲೆನ್ಸಿನಡಿ ತಿರುಗಿಸಿ ನೋಡಿದ್ದೆ. ಸರಿ ಇದೆ ಅಂತ ರಿಜಿಸ್ಟರಿನಲ್ಲಿ ಬರೆದು, ಡಬ್ಬಿಗೆ ಹಾಕಿ ಮುಚ್ಚಿದ್ದೆ. ರಾತ್ರಿ ಅದನ್ನು ಯಾರೂ ಮುಟ್ಟಿಲ್ಲ. ಬೆಳಗ್ಗೆ ಮುಚ್ಚಳ ತೆಗೆದರೆ ತುದಿಯ ಅಂಚಿನಿಂದ ವಜ್ರದ ಕೋಟಿಂಗ್ ತಾನಾಗಿ ಎದ್ದು ಉದುರಿದೆ. ಕೋಟಿಂಗ್ ಹೋದ ಜಾಗದಲ್ಲಿ ಕಾರ್ಬೈಡ್, ಅಂದರೆ ಟೂಲ್ ಮಾಡಿದ ಗಟ್ಟಿ ವಸ್ತು, ಮಂಕಾಗಿ ಕಾಣುತ್ತಿತ್ತು. ಅದೇ ಬ್ಯಾಚಿನ ಉಳಿದ ಡಬ್ಬಿಗಳನ್ನೂ ತೆಗೆದು ನೋಡಿದೆ. 24ರಲ್ಲಿ 9 ಟೂಲ್‌ಗಳು ಹೀಗೇ ಆಗಿದ್ದವು.

ನಮ್ಮದು ಹೊಸೂರಿನ ಒಂದು ಸಣ್ಣ ಯೂನಿಟ್. ಬೆಂಗಳೂರಿನಿಂದ ಬಂದರೆ ಅತ್ತಿಬೆಲೆ ದಾಟಿ, ಜೂಜುವಾಡಿ ದಾಟಿ, ಸಿಪ್‌ಕಾಟ್ ಕೈಗಾರಿಕಾ ಪ್ರದೇಶದ ಶೆಡ್ಡುಗಳು ಶುರುವಾಗುವ ಕಡೆ. ಮಷೀನ್ ಶಾಪುಗಳ ಊರಿದು. ಶಾಪಿನಲ್ಲಿ ಕನ್ನಡ, ತೆಲುಗು, ತಮಿಳು ಮೂರೂ ಒಂದೇ ವಾಕ್ಯದಲ್ಲಿ ಓಡಾಡುತ್ತವೆ. ನಮ್ಮ ಕೆಲಸ ಕಾರ್ಬೈಡ್ ಟೂಲ್‌ಗಳನ್ನು ಉಜ್ಜಿ, ಅವುಗಳ ಮೇಲೆ ವಜ್ರದ ತೆಳು ಪೊರೆ ಬೆಳೆಸಿಕೊಡುವುದು. ಗ್ರಾಫೈಟ್ ಕಡಿಯುವವರಿಗೆ ಇದು ಬೇಕೇ ಬೇಕು. ಅಚ್ಚು ಮಾಡುವವರು ಗ್ರಾಫೈಟಿನಲ್ಲಿ ಎಲೆಕ್ಟ್ರೋಡ್ ಕೆತ್ತುತ್ತಾರೆ. ಅದರ ಪುಡಿ ಮರಳು ಕಾಗದದ ಹಾಗೆ ಟೂಲನ್ನು ತಿಂದುಹಾಕುತ್ತದೆ. ಬರೀ ಕಾರ್ಬೈಡ್ ಅದರೆದುರು ಜಾಸ್ತಿ ಹೊತ್ತು ನಿಲ್ಲುವುದಿಲ್ಲ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಸ್ಟ್ರೆಸ್‌ಗೆ (ವಸ್ತುವಿನೊಳಗೇ ಕೂತ ಅಮುಕು ಅಥವಾ ಎಳೆತಕ್ಕೆ) ಒತ್ತಡ ಅಂತ ಬರೆದರೆ ಚೇಂಬರಿನ ಗ್ಯಾಸಿನ ಒತ್ತಡದ ಜೊತೆ ಕಲಸಿಹೋಗುತ್ತದೆ. ಶಾಪಿನಲ್ಲಿ ನಾವು ಸ್ಟ್ರೆಸ್ ಅಂತಲೇ ಹೇಳುವುದು. ಇಲ್ಲೂ ಹಾಗೇ ಬರೆಯುತ್ತೇನೆ.

ಪೊರೆ ಬೆಳೆಯುವ ಬಗೆ

ಚೇಂಬರಿನೊಳಗೆ ಹೈಡ್ರೋಜನ್, ಅದರಲ್ಲಿ ಶೇಕಡ 1ರಿಂದ 2ರಷ್ಟು ಮೀಥೇನ್. ಮೇಲೆ ಸಾಲಾಗಿ ಕಟ್ಟಿದ ತಂತಿಗಳು 2000 ಡಿಗ್ರಿ ದಾಟಿ ಬೆಳ್ಳಗೆ ಉರಿಯುತ್ತವೆ. ಕೆಳಗೆ ನಿಂತ ಟೂಲ್‌ಗಳು 800 ಡಿಗ್ರಿಯ ಆಸುಪಾಸು ಇರುತ್ತವೆ. ಬಿಸಿ ತಂತಿಗೆ ತಾಗಿ ಹೈಡ್ರೋಜನ್ ಒಡೆದು ಬಿಡಿ ಪರಮಾಣುಗಳಾಗುತ್ತದೆ. ಮೀಥೇನಿನಿಂದ ಬಂದ ಇಂಗಾಲ ಟೂಲಿನ ಮೇಲೆ ಕೂರುತ್ತದೆ. ಗ್ರಾಫೈಟ್ ಆಗಿ ಕೂತದ್ದನ್ನು ಹೈಡ್ರೋಜನ್ ತಿಂದುಹಾಕುತ್ತದೆ, ವಜ್ರವಾಗಿ ಕೂತದ್ದು ಉಳಿಯುತ್ತದೆ. 1982ರಲ್ಲಿ ಜಪಾನಿನ ಸಂಶೋಧಕರು ಈ ಬಿಸಿ ತಂತಿಯ ವಿಧಾನವನ್ನು ಪ್ರಕಟಿಸಿದರು. ಇವತ್ತಿಗೂ ಟೂಲ್ ಕೋಟಿಂಗಿಗೆ ಇದೇ ಹೆಚ್ಚು ಬಳಕೆಯಲ್ಲಿದೆ. ಬೆಳೆಯುವುದು ನಿಧಾನ. ನಮ್ಮ ಚೇಂಬರಿನಲ್ಲಿ ಗಂಟೆಗೆ ಒಂದು ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗ) ಬಂದರೆ ಒಳ್ಳೇ ದಿನ.

ತೊಂದರೆ ಶುರುವಾಗುವುದು ತಂತಿ ಆರಿಸಿದ ಮೇಲೆ. 800 ಡಿಗ್ರಿಯಲ್ಲಿ ಪೊರೆಯೂ ಕಾರ್ಬೈಡೂ ಒಂದಕ್ಕೊಂದು ಸರಿಯಾಗಿ ಹೊಂದಿಕೊಂಡಿರುತ್ತವೆ. ಆರುವಾಗ ಎರಡೂ ಕುಗ್ಗುತ್ತವೆ, ಆದರೆ ಒಂದೇ ಅಳತೆಗಲ್ಲ. 100 ಮಿಲಿಮೀಟರ್ ಉದ್ದದ ಕಾರ್ಬೈಡ್ ಕಡ್ಡಿ ಅಷ್ಟು ಬಿಸಿಯಿಂದ ಕೋಣೆಯ ಬಿಸಿಗೆ ಬರುವಾಗ ಸುಮಾರು 0.4 ಮಿಲಿಮೀಟರ್ ಕುಗ್ಗುತ್ತದೆ. ಅಷ್ಟೇ ಉದ್ದದ ವಜ್ರ ಕುಗ್ಗುವುದು 0.22ರಷ್ಟು. ಉಳಿದ 0.18 ಮಿಲಿಮೀಟರ್ ಎಲ್ಲಿ ಹೋಗಬೇಕು? ಪೊರೆ ಕೆಳಗೆ ಅಂಟಿಕೊಂಡಿದೆ, ಹೋಗಲು ಜಾಗವಿಲ್ಲ. ದೊಡ್ಡ ಚಾಪೆಯನ್ನು ಚಿಕ್ಕ ಕೋಣೆಯಲ್ಲಿ ಬಲವಂತವಾಗಿ ಹಾಸಿದ ಹಾಗೆ. ನಾಲ್ಕೂ ಗೋಡೆ ಅದನ್ನು ಒಳಕ್ಕೆ ಒತ್ತುತ್ತಿರುತ್ತದೆ.

0.18 ಅಂದರೆ ಏನೂ ಅಲ್ಲ ಅನ್ನಿಸಬಹುದು. ಆದರೆ ವಜ್ರದಷ್ಟು ಬಗ್ಗದ ವಸ್ತು ಬೇರೆ ಇಲ್ಲ. ಅದರ ಯಂಗ್ಸ್ ಮಾಡ್ಯುಲಸ್, ಅಂದರೆ ಬಗ್ಗದಿರುವ ಗುಣದ ಅಳತೆ, ಸುಮಾರು 1100 ಗಿಗಾಪ್ಯಾಸ್ಕಲ್, ಉಕ್ಕಿನ ಐದು ಪಟ್ಟಿಗೂ ಜಾಸ್ತಿ. ಹಾಗಾಗಿ ಶೇಕಡ 0.18ರಷ್ಟು ಅಮುಕಿದರೂ ಪೊರೆಯೊಳಗೆ 2 ಗಿಗಾಪ್ಯಾಸ್ಕಲ್ ದಾಟಿದ ಸ್ಟ್ರೆಸ್ ಕೂತುಬಿಡುತ್ತದೆ. ಒಂದು ಚದರ ಮಿಲಿಮೀಟರ್ ಜಾಗಕ್ಕೆ 200 ಕಿಲೋ ತೂಕ ಇಟ್ಟ ಹಾಗೆ. ಬರಿಗಣ್ಣಿಗೆ ಮಾತ್ರ ಟೂಲ್ ಸುಮ್ನೆ ಬೂದು ಬಣ್ಣದಲ್ಲಿ ಹೊಳೆಯುತ್ತಾ ಮಲಗಿರುತ್ತದೆ.

ಇದರ ಜೊತೆಗೆ ಪೊರೆ ಬೆಳೆಯುವಾಗಲೇ ಹುಟ್ಟುವ ಸ್ಟ್ರೆಸ್ ಬೇರೆ. ಬಿಡಿ ಬಿಡಿ ಹರಳುಗಳು ಬೆಳೆದು ಒಂದಕ್ಕೊಂದು ತಾಗುವಾಗ ಪರಸ್ಪರ ಎಳೆಯುತ್ತವೆ. ಹರಳುಗಳ ಸಂದಿನಲ್ಲಿ ವಜ್ರವಲ್ಲದ ಇಂಗಾಲ ಸಿಕ್ಕಿಕೊಂಡರೆ ಅದು ಇನ್ನೊಂದು ದಿಕ್ಕಿಗೆ ಕೆಲಸ ಮಾಡುತ್ತದೆ. ಸಿಲಿಕಾನ್ ಬಿಲ್ಲೆಯ ಮೇಲೆ ವಜ್ರ ಬೆಳೆಸುವವರಿಗೆ ಇದೇ ದೊಡ್ಡ ತಲೆನೋವು. ಅಲ್ಲಿ ಕುಗ್ಗುವಿಕೆಯ ವ್ಯತ್ಯಾಸ ಕಡಿಮೆ, ಬೆಳವಣಿಗೆಯ ಸ್ಟ್ರೆಸ್ಸೇ ಬಿಲ್ಲೆಯನ್ನು ಬಾಗಿಸುತ್ತದೆ. ಬಾಗಿದ ಬಿಲ್ಲೆಯಿಂದ ಸ್ಟ್ರೆಸ್ ಲೆಕ್ಕ ಹಾಕುವ ಸೂತ್ರವನ್ನು ಸ್ಟೋನಿ ಕೊಟ್ಟದ್ದು 1909ರಲ್ಲಿ, ಉಕ್ಕಿನ ಪಟ್ಟಿಯ ಮೇಲೆ ನಿಕಲ್ ಲೇಪಿಸಿ ನೋಡಿ. ನಮ್ಮ ಕಾರ್ಬೈಡಿನಲ್ಲಿ ಮಾತ್ರ ಆರುವಾಗಿನ ಸ್ಟ್ರೆಸ್ಸೇ ಯಜಮಾನ.

ಮೊದಲು ಹಿಡಿದ ಮೂರು ತಪ್ಪು ದಾರಿ

ಕೋಟಿಂಗ್ ಎದ್ದರೆ ಎಲ್ಲರೂ ಮೊದಲು ಬೆರಳು ತೋರಿಸುವುದು ಕೋಬಾಲ್ಟಿನ ಕಡೆ. ಕಾರ್ಬೈಡಿನ ಕಾಳುಗಳನ್ನು ಹಿಡಿದಿಡುವ ಅಂಟು ಅದು. ನಮ್ಮ ಕಡ್ಡಿಗಳಲ್ಲಿ ಶೇಕಡ 6 ಇರುತ್ತದೆ. ಆದರೆ ಆ ಬಿಸಿಯಲ್ಲಿ ಕೋಬಾಲ್ಟ್ ಇಂಗಾಲವನ್ನು ವಜ್ರವಾಗಲು ಬಿಡದೆ ಗ್ರಾಫೈಟಿನ ಕಡೆ ಎಳೆಯುತ್ತದೆ. ಪೊರೆಯಡಿ ಮಸಿ ಕೂತರೆ ಪೊರೆ ನಿಲ್ಲುವುದಿಲ್ಲ. ಅದಕ್ಕೇ ಕೋಟಿಂಗಿಗೆ ಮುಂಚೆ ಎರಡು ಸಲ ಎಚಿಂಗ್, ಅಂದರೆ ದ್ರಾವಣದಲ್ಲಿ ಮೇಲ್ಮೈ ಕರಗಿಸುವ ಕೆಲಸ, ಮಾಡುತ್ತೇವೆ. ಮೊದಲು ಮುರಕಾಮಿ ದ್ರಾವಣ ಕಾರ್ಬೈಡ್ ಕಾಳುಗಳನ್ನು ತಿಂದು ಮೈಯನ್ನು ತರಿತರಿ ಮಾಡುತ್ತದೆ. ಆಮೇಲೆ ಗಂಧಕಾಮ್ಲ ಮತ್ತು ಹೈಡ್ರೋಜನ್ ಪೆರಾಕ್ಸೈಡಿನ ಮಿಶ್ರಣ ಮೇಲ್ಮೈಯ ಕೋಬಾಲ್ಟನ್ನು ತೆಗೆಯುತ್ತದೆ.

ಆ ಎರಡನೇ ಎಚಿಂಗಿನ ಸಮಯ ಹೆಚ್ಚಿಸಿದೆವು. ಮುಂದಿನ ಬ್ಯಾಚಿನಲ್ಲಿ ಇನ್ನೂ ಜಾಸ್ತಿ ಟೂಲ್ ಎದ್ದವು.

ಎರಡನೆಯದು ಆರಿಸುವ ವೇಗ. ಬೇಗ ಆರಿಸಿದ್ದಕ್ಕೆ ಸಿಡಿಯುತ್ತಿದೆ, ನಿಧಾನ ಮಾಡಿ ಅಂತ ಇಬ್ಬರು ಹೇಳಿದರು. ಕೇಳಲು ಸರಿ ಅನ್ನಿಸುತ್ತದೆ, ಅಲ್ವಾ? ಬಿಸಿ ಗಾಜಿನ ಲೋಟಕ್ಕೆ ತಣ್ಣೀರು ಹಾಕಿದರೆ ಒಡೆಯುವುದನ್ನು ಎಲ್ಲರೂ ನೋಡಿದ್ದೇವೆ. ಒಂದು ಗಂಟೆಯಲ್ಲಿ ಆರಿಸುತ್ತಿದ್ದದ್ದನ್ನು ನಾಲ್ಕು ಗಂಟೆಗೆ ಎಳೆದೆವು. ಏನೂ ಬದಲಾಗಲಿಲ್ಲ. ಯೋಚಿಸಿದರೆ ಬದಲಾಗಬೇಕಾಗಿಯೂ ಇರಲಿಲ್ಲ. ಗಾಜು ಒಡೆಯುವುದು ಒಂದು ಭಾಗ ಬಿಸಿ, ಇನ್ನೊಂದು ಭಾಗ ತಣ್ಣಗೆ ಇರುವುದರಿಂದ. ನಮ್ಮ ಟೂಲಿನಲ್ಲಿ ಹಾಗಲ್ಲ. ಎಲ್ಲಿಂದ ಹೊರಟೆವು, ಎಲ್ಲಿಗೆ ಬಂದೆವು ಎನ್ನುವುದಷ್ಟೇ ಲೆಕ್ಕ. 800ರಿಂದ 25ಕ್ಕೆ ಒಂದು ಗಂಟೆಯಲ್ಲಿ ಬಂದರೂ ಒಂದು ದಿನದಲ್ಲಿ ಬಂದರೂ ಆ 0.18 ಹಾಗೇ ಉಳಿಯುತ್ತದೆ. ಈ ತಪ್ಪು ಕಲ್ಪನೆ ತುಂಬಾ ಕಡೆ ಇದೆ, ಅದಕ್ಕೇ ಇಷ್ಟು ಬಿಡಿಸಿ ಬರೆದೆ.

ಮೂರನೆಯದು ನಮ್ಮನ್ನು ಹೆಚ್ಚು ದಿನ ಅಲೆದಾಡಿಸಿತು. ಪ್ರತಿ ಬ್ಯಾಚಿನಲ್ಲೂ ಟ್ರೇಯ ನಡುವೆ ಒಂದು ಚಪ್ಪಟೆ ಕಾರ್ಬೈಡ್ ತುಂಡು ಇಡುವುದು ನಮ್ಮ ಪದ್ಧತಿ. ಅದಕ್ಕೆ ಸಾಕ್ಷಿ ಅಂತಲೇ ಹೆಸರು. ಅದನ್ನು ಬೆಂಗಳೂರಿಗೆ ಕಳಿಸಿ ರಾಮನ್ ಪರೀಕ್ಷೆ ಮಾಡಿಸುತ್ತೇವೆ. ವಜ್ರದ ಮೇಲೆ ಲೇಸರ್ ಬಿಟ್ಟರೆ ಚದುರಿದ ಬೆಳಕಿನಲ್ಲಿ 1332ರ ಹತ್ತಿರ (ಸೆಂಟಿಮೀಟರಿಗೆ ಇಷ್ಟು ಅಲೆ ಎನ್ನುವ ಏಕಮಾನದಲ್ಲಿ) ಒಂದು ಚೂಪಾದ ಗೆರೆ ಬರುತ್ತದೆ. ಸಿ. ವಿ. ರಾಮನ್ 1928ರಲ್ಲಿ ತಮ್ಮ ಪರಿಣಾಮವನ್ನು ಕಂಡುಹಿಡಿದ ಎರಡೇ ವರ್ಷಕ್ಕೆ, 1930ರಲ್ಲಿ ಸಿ. ರಾಮಸ್ವಾಮಿ ವಜ್ರದ ಈ ಗೆರೆಯನ್ನು ವರದಿ ಮಾಡಿದರು. ರಾಮನ್ ಸ್ವತಃ ಬೆಂಗಳೂರಿನಲ್ಲಿ ವರ್ಷಗಟ್ಟಲೆ ವಜ್ರದ ಮೇಲೆ ಕೆಲಸ ಮಾಡಿದವರು. ನಮ್ಮ ತುಂಡುಗಳು ಅದೇ ಊರಿಗೆ ಹೋಗಿ ಅವರ ಹೆಸರಿನ ಅಳತೆಗೆ ಕೂರುವುದು ನನಗೆ ಪ್ರತಿ ಸಲವೂ ಖುಷಿ ಕೊಡುತ್ತದೆ.

ಆ ಗೆರೆ ಸ್ಟ್ರೆಸ್ಸನ್ನೂ ಹೇಳುತ್ತದೆ. ಪೊರೆ ಅಮುಕಿಸಿಕೊಂಡಿದ್ದರೆ ಗೆರೆ 1332ರಿಂದ ಮೇಲಕ್ಕೆ ಸರಿಯುತ್ತದೆ, ಎಳೆಸಿಕೊಂಡಿದ್ದರೆ ಕೆಳಕ್ಕೆ. ಒಂದು ಅಂಕಿ ಸರಿದರೆ ಅರ್ಧ ಗಿಗಾಪ್ಯಾಸ್ಕಲ್‌ಗಿಂತ ಸ್ವಲ್ಪ ಜಾಸ್ತಿ ಸ್ಟ್ರೆಸ್. ನಮ್ಮ ಸಾಕ್ಷಿ ತುಂಡಿನಲ್ಲಿ ಗೆರೆ 1336ರ ಹತ್ತಿರ ಬಂದಿತ್ತು. ಲೆಕ್ಕ ಹಾಕಿದರೆ 2 ಗಿಗಾಪ್ಯಾಸ್ಕಲ್ ಚಿಲ್ಲರೆ. ಒಳ್ಳೇ ಬ್ಯಾಚ್‌ಗಳಲ್ಲೂ ಅಷ್ಟೇ ಇತ್ತು, ಉದುರಿದ ಬ್ಯಾಚ್‌ಗಳಲ್ಲೂ ಅಷ್ಟೇ. ತುಂಡಿನ ಮೇಲಿನ ಪೊರೆ ಅಲುಗಾಡಿರಲಿಲ್ಲ. ಹಾಗಾದರೆ ಸ್ಟ್ರೆಸ್ ಕಾರಣವಲ್ಲ ಅಂತ ತೀರ್ಮಾನ ಮಾಡಿ ವರದಿಯನ್ನು ಫೈಲಿಗೆ ಸೇರಿಸಿದೆ. ಆ ತೀರ್ಮಾನ ತಪ್ಪು.

ಚೂರಿನ ಬೆನ್ನು

ದಾರಿ ತೋರಿಸಿದ್ದು ಉದುರಿದ ಚೂರೇ. ಅಷ್ಟು ದಿನ ಟೂಲನ್ನೇ ನೋಡುತ್ತಿದ್ದೆ. ಒಂದು ಮಧ್ಯಾಹ್ನ ಚೂರನ್ನು ಅಂಟಿನ ಟೇಪಿನ ಮೇಲೆ ಮಗುಚಿ ಹಾಕಿ, ಅದರ ಬೆನ್ನನ್ನು ಮೈಕ್ರೋಸ್ಕೋಪಿನಡಿ ಇಟ್ಟೆ. ಬೆನ್ನಿನ ಮೇಲೆ ಮಸಿ ಇದ್ದಿದ್ದರೆ ಕೋಬಾಲ್ಟ್ ತಪ್ಪಿತಸ್ಥ. ನುಣ್ಣಗೆ ಖಾಲಿ ಇದ್ದಿದ್ದರೆ ವಜ್ರದ ಬೀಜ (ಪೊರೆ ಬೆಳೆಯಲು ಮೊದಲೇ ಹಚ್ಚುವ ಸಣ್ಣ ವಜ್ರದ ಪುಡಿ) ಸರಿಯಾಗಿ ಕೂತಿಲ್ಲ, ಹಿಡಿತವೇ ಇಲ್ಲ ಅಂತ ಅರ್ಥ. ನನಗೆ ಕಂಡದ್ದು ಎರಡೂ ಅಲ್ಲ. ಬೆನ್ನಿನ ತುಂಬಾ ಸಣ್ಣ ಹೊಳಪಿನ ಕಾಳುಗಳು ಅಂಟಿಕೊಂಡಿದ್ದವು. ಕಾರ್ಬೈಡಿನ ಕಾಳುಗಳು. ಗೋಡೆಯಿಂದ ಪೋಸ್ಟರ್ ಕಿತ್ತಾಗ ಸುಣ್ಣವೂ ಜೊತೆಗೆ ಬರುತ್ತದಲ್ಲ, ಹಾಗೆ. ಅಂದರೆ ಅಂಟು ಗಟ್ಟಿಯಾಗಿಯೇ ಇತ್ತು. ಪೊರೆ ತನ್ನಡಿಯ ಕಾರ್ಬೈಡನ್ನೇ ಕಿತ್ತುಕೊಂಡು ಎದ್ದಿತ್ತು.

ಎಚಿಂಗ್ ಹೆಚ್ಚಿಸಿದಾಗ ಕೇಡು ಹೆಚ್ಚಿದ್ದು ಏಕೆ ಅಂತ ಆಗ ಅರ್ಥವಾಯಿತು. ಕೋಬಾಲ್ಟ್ ತೆಗೆದಷ್ಟೂ ಕಾಳುಗಳ ನಡುವಿನ ಅಂಟು ಹೋಗುತ್ತದೆ. ಅಂಚಿನಲ್ಲಿ ಆಮ್ಲ ಎರಡೂ ಬದಿಯಿಂದ ಒಳಗೆ ಹೋಗುವುದರಿಂದ ಅಲ್ಲಿ ಕಾರ್ಬೈಡ್ ಸ್ಪಂಜಿನ ಹಾಗಾಗಿರುತ್ತದೆ.

ಇನ್ನೊಂದು ವಿಷಯವೂ ಆಗಲೇ ಕಣ್ಣಿಗೆ ಬಿತ್ತು. ಉದುರಿದ 9 ಟೂಲ್‌ಗಳಲ್ಲೂ ಪೊರೆ ಹೋದದ್ದು ಕಡಿಯುವ ಅಂಚಿನಲ್ಲಿ ಮಾತ್ರ. ಅದೇ ಟೂಲಿನ ಫ್ಲೂಟಿನಲ್ಲಿ, ಅಂದರೆ ಪುಡಿ ಹೊರಬರುವ ತೋಡಿನಲ್ಲಿ, ಪೊರೆ ಒಂದು ಗೀರೂ ಇಲ್ಲದೆ ಕೂತಿತ್ತು. ಒಂದೇ ಟೂಲು, ಒಂದೇ ಬಿಸಿ, ಒಂದೇ ಗ್ಯಾಸು. ಬೇರೆ ಇದ್ದದ್ದು ಆಕಾರ ಒಂದೇ.

ಚಾಪೆಗೆ ವಾಪಸ್ ಬರೋಣ. ನೆಲದ ಮೇಲೆ ಚಪ್ಪಟೆಯಾಗಿ ಹಾಸಿದ ಚಾಪೆಯನ್ನು ನಾಲ್ಕೂ ಕಡೆಯಿಂದ ಒತ್ತಿದರೂ, ಕೆಳಗೆ ಅಂಟಿದ್ದರೆ ಅದು ಅಲ್ಲೇ ಇರುತ್ತದೆ. ಅದೇ ಚಾಪೆಯನ್ನು ಜಗಲಿಯ ಅಂಚಿನ ಮೇಲೆ ಮಡಚಿ ಹಾಕಿ. ಅರ್ಧ ಜಗಲಿಯ ಮೇಲೆ, ಅರ್ಧ ಕೆಳಕ್ಕೆ ಇಳಿಬಿದ್ದಿದೆ. ಈಗ ಎರಡೂ ಕಡೆಯಿಂದ ಅಂಚಿನತ್ತ ಒತ್ತಿ. ಮಡಿಕೆ ಜಗಲಿಯ ಮೂಲೆಯಿಂದ ಹೊರಕ್ಕೆ ಎದ್ದುಬಿಡುತ್ತದೆ. ವಜ್ರದ ಪೊರೆಗೂ ಇದೇ ಆಗುವುದು. ಚಪ್ಪಟೆಯಲ್ಲಿ ಬರೀ ಅಮುಕಾಗಿದ್ದ ಸ್ಟ್ರೆಸ್ ಅಂಚಿನಲ್ಲಿ ಹೊರಕ್ಕೆ ಎಬ್ಬಿಸುವ ಎಳೆತವಾಗಿ ತಿರುಗುತ್ತದೆ. ತೋಡಿನಲ್ಲಿ ಉಲ್ಟಾ. ಅಲ್ಲಿ ಅದೇ ಸ್ಟ್ರೆಸ್ ಪೊರೆಯನ್ನು ಒಳಕ್ಕೆ ಒತ್ತಿ ಹಿಡಿಯುತ್ತದೆ.

ಈ ಎಳೆತ ಎಷ್ಟು ಅಂತ ಅಂದಾಜು ಮಾಡುವುದು ಕಷ್ಟವಲ್ಲ. ಪೊರೆಯ ದಪ್ಪವನ್ನು ಅಂಚಿನ ತ್ರಿಜ್ಯದಿಂದ ಭಾಗಿಸಿ, ಅದನ್ನು ಸ್ಟ್ರೆಸ್ಸಿನಿಂದ ಗುಣಿಸಬೇಕು. ಪೊರೆ ದಪ್ಪವಾದಷ್ಟೂ ಎಳೆತ ಜಾಸ್ತಿ, ಅಂಚು ಚೂಪಾದಷ್ಟೂ ಜಾಸ್ತಿ. ಸಾಕ್ಷಿ ತುಂಡು ಚಪ್ಪಟೆ. ಅದಕ್ಕೆ ಅಂಚೇ ಇಲ್ಲದ ಮೇಲೆ ಅಂಚಿನ ಕಷ್ಟ ಅದು ಹೇಗೆ ಹೇಳಬೇಕು? ಮುರಿಯುತ್ತಿದ್ದದ್ದು ಒಂದು ಕಡೆ, ನಾವು ಅಳೆಯುತ್ತಿದ್ದದ್ದು ಇನ್ನೊಂದು ಕಡೆ.

ಆ ತಿಂಗಳು ಬದಲಾದದ್ದು

ಇಷ್ಟಾದ ಮೇಲೆ ಕೇಳಬೇಕಾದ ಪ್ರಶ್ನೆ ಎರಡೇ. ದಪ್ಪ ಬದಲಾಗಿದೆಯಾ? ಅಂಚು ಬದಲಾಗಿದೆಯಾ?

ದಪ್ಪದ ವಿಷಯ ನಮಗೆ ಗೊತ್ತಿದ್ದದ್ದೇ. ಗ್ರಾಹಕರು ಟೂಲ್ ಇನ್ನೂ ಹೆಚ್ಚು ದಿನ ಬರಲಿ ಅಂತ ದಪ್ಪ ಕೋಟಿಂಗ್ ಕೇಳಿದ್ದರು. 8 ಮೈಕ್ರಾನ್ ಇದ್ದದ್ದನ್ನು 14ಕ್ಕೆ ಏರಿಸಿದ್ದೆವು. ಪೊರೆಯಲ್ಲಿ ಕೂಡಿಟ್ಟ ಶಕ್ತಿ ದಪ್ಪಕ್ಕೆ ತಕ್ಕ ಹಾಗೆ ಏರುತ್ತದೆ. ಸ್ಟ್ರೆಸ್ ಅಷ್ಟೇ ಇದ್ದರೂ, ಕಿತ್ತು ಹೊರಬರಲು ಪೊರೆಯ ಕೈಯಲ್ಲಿರುವ ಬಲ ಒಂದೂಮುಕ್ಕಾಲು ಪಟ್ಟಾಗಿತ್ತು.

ಅಂಚಿನ ವಿಷಯ ತಿಳಿದದ್ದು ಗ್ರೈಂಡಿಂಗ್ ವಿಭಾಗದಲ್ಲಿ. ಅಲ್ಲಿನ ಹಿರಿಯರು ಹೊಸೂರಿನ ಹತ್ತಿರದ ತಳಿ ಊರಿನ ಕಡೆಯವರು, ಎಲ್ಲರಿಗೂ ಅಣ್ಣ. ಕಾರ್ಬೈಡ್ ಉಜ್ಜುವುದರಲ್ಲಿ ಅವರಂಥ ಕೈ ನಾನು ಬೇರೆ ಕಡೆ ನೋಡಿಲ್ಲ.

"ಅಣ್ಣ, ಈ ಎರಡು ತಿಂಗಳಲ್ಲಿ ನೀವು ಏನಾದರೂ ಬದಲಾಯಿಸಿದ್ರಾ?"

"ವೀಲ್ ಬದಲಾಯಿಸಿದೆ ಸಾರ್. ಹೊಸದು ಸಣ್ಣ ಗ್ರಿಟ್ಟಿಂದು. ನೋಡಿ, ಅಂಚು ಬ್ಲೇಡ್ ಇದ್ದಂಗೈತೆ."

ಟೂಲನ್ನು ಹೆಬ್ಬೆರಳಿನ ಉಗುರಿನ ಮೇಲೆ ಒಂದು ಸಲ ಎಳೆದು ತೋರಿಸಿದರು. ತೆಳ್ಳಗೆ ಬಿಳಿ ಸುರುಳಿ ಎದ್ದಿತು. ನಿಜಕ್ಕೂ ಸುಂದರವಾದ ಕೆಲಸ. ಹಳೇ ವೀಲಿನ ಅಂಚು ಒರಟಾಗಿರುತ್ತಿತ್ತು. ಅದಕ್ಕೇ ನೈಲಾನ್ ಬ್ರಷ್ಷಿನಲ್ಲಿ ಅಂಚನ್ನು ಸ್ವಲ್ಪ ದುಂಡು ಮಾಡಿ ಕಳಿಸುತ್ತಿದ್ದರು. ಹೊಸ ಅಂಚು ಇಷ್ಟು ಚೆನ್ನಾಗಿರುವಾಗ ಬ್ರಷ್ ಏಕೆ ಅಂತ ಆ ಹಂತವನ್ನೇ ಬಿಟ್ಟಿದ್ದರು. ಅದರಲ್ಲಿ ಅವರ ತಪ್ಪಿಲ್ಲ. ಆ ದುಂಡು ಏಕೆ ಬೇಕು ಅಂತ ಕೋಟಿಂಗ್ ಕಡೆಯವರು ಯಾರೂ ಅವರಿಗೆ ಹೇಳಿರಲಿಲ್ಲ. ನಾನೂ ಹೇಳಿರಲಿಲ್ಲ.

ಅಳೆದು ನೋಡಿದೆವು. ಹಳೇ ಅಂಚಿನ ತ್ರಿಜ್ಯ 10 ಮೈಕ್ರಾನಿನ ಸುತ್ತಮುತ್ತ, ಹೊಸದರದ್ದು 4. ದಪ್ಪವನ್ನು ತ್ರಿಜ್ಯದಿಂದ ಭಾಗಿಸಿದರೆ ಮುಂಚೆ 0.8 ಇದ್ದದ್ದು ಈಗ 3.5. ಪೊರೆ ಅಂಚಿಗಿಂತ ದಪ್ಪವಾದಾಗ ಈ ಸರಳ ಲೆಕ್ಕ ಅಕ್ಷರಶಃ ನಿಲ್ಲುವುದಿಲ್ಲ. ಆದರೂ ಯಾವ ಕಡೆಗೆ ಎಷ್ಟು ದೂರ ಹೋಗಿದ್ದೇವೆ ಅಂತ ತೋರಿಸಲು ಸಾಕು. ಎರಡು ಬದಲಾವಣೆ ಒಂದೇ ತಿಂಗಳಲ್ಲಿ, ಎರಡೂ ಒಳ್ಳೆಯ ಉದ್ದೇಶದಿಂದ, ಒಂದೇ ಕಡೆಗೆ ತಳ್ಳಿದ್ದವು.

ಖಚಿತ ಮಾಡಿಕೊಳ್ಳಲು ಎರಡು ಬ್ಯಾಚ್ ಹಾಕಿದೆವು, ಒಂದು 8 ಮೈಕ್ರಾನ್, ಒಂದು 14. ಎಚಿಂಗ್ ಸಮಯವನ್ನು ಹಳೆಯದಕ್ಕೇ ಇಳಿಸಿದೆವು. ಪ್ರತಿ ಬ್ಯಾಚಿನಲ್ಲಿ 6 ಚೂಪು ಟೂಲ್, 6 ಬ್ರಷ್ ಮಾಡಿದ ಟೂಲ್. ಒಂದು ವಾರ ಡಬ್ಬಿಯಲ್ಲಿಟ್ಟು ಕಾದೆವು, ಏಕೆಂದರೆ ಟೂಲ್ ಆರಿದ ಮೇಲೂ ಸ್ಟ್ರೆಸ್ ಹಾಗೇ ಇರುತ್ತದೆ. ಸಣ್ಣ ಬಿರುಕು ರಾತ್ರಿಯೆಲ್ಲಾ ತೆವಳಿಕೊಂಡು ಹೋಗಬಹುದು. 14ರ ಚೂಪು ಟೂಲ್‌ಗಳಲ್ಲಿ 5 ಉದುರಿದವು. 14ರ ದುಂಡು ಅಂಚಿನಲ್ಲಿ 1. ಎಂಟರ ಚೂಪಿನಲ್ಲೂ 1. ಎಂಟರ ದುಂಡಿನಲ್ಲಿ ಒಂದೂ ಇಲ್ಲ. ಸಂಖ್ಯೆ ಸಣ್ಣದು, ಒಪ್ಪುತ್ತೇನೆ. ಆದರೆ ಅಷ್ಟು ಹೊತ್ತಿಗೆ ಚೂರಿನ ಬೆನ್ನು, ತೋಡಿನ ಪೊರೆ, ಈ ಪರೀಕ್ಷೆ ಮೂರೂ ಒಂದೇ ಮಾತು ಹೇಳುತ್ತಿದ್ದವು.

ಮಾಡಿದ್ದು, ಉಳಿದದ್ದು

ಸ್ಟ್ರೆಸ್ಸನ್ನು ಪೂರ್ತಿ ತೆಗೆಯುವುದು ನಮ್ಮ ಕೈಲಿಲ್ಲ. ವಜ್ರ ವಜ್ರದಷ್ಟೇ ಕುಗ್ಗುತ್ತದೆ, ಕಾರ್ಬೈಡ್ ಕಾರ್ಬೈಡಿನಷ್ಟು. ಬಿಸಿ ಇಳಿಸಿದರೆ ಸ್ವಲ್ಪ ಕಡಿಮೆಯಾಗುತ್ತದೆ. 800ರಿಂದ 700ಕ್ಕೆ ಇಳಿದರೆ ಈ ಲೆಕ್ಕದಲ್ಲಿ ಎಂಟನೇ ಒಂದು ಭಾಗ ಉಳಿತಾಯ. ಆದರೆ ಬೆಳವಣಿಗೆ ತೀರಾ ನಿಧಾನವಾಗುತ್ತದೆ. ನಾವು 760ಕ್ಕೆ ನಿಂತೆವು. ದೊಡ್ಡ ಹರಳು ಮತ್ತು ನ್ಯಾನೋ ಹರಳಿನ ಪದರಗಳನ್ನು ಒಂದರ ಮೇಲೊಂದು ಬೆಳೆಸುವ ದಾರಿಯೂ ಇದೆ. ಹಾಗೆ ಮಾಡಿದರೆ ಬಿರುಕು ನೇರವಾಗಿ ಕೆಳಗಿಳಿಯದೆ ಪದರದ ಗಡಿಯಲ್ಲಿ ಅಡ್ಡ ತಿರುಗುತ್ತದೆ. ಅದನ್ನು ಮುಂದಿನ ಹಂತಕ್ಕೆ ಇಟ್ಟಿದ್ದೇವೆ.

ದೊಡ್ಡ ಬದಲಾವಣೆ ಅಂಚಿನದೇ. ಬ್ರಷ್ ಹಂತ ವಾಪಸ್ ಬಂತು. ಅಂಚಿನ ತ್ರಿಜ್ಯ 8ರಿಂದ 10 ಮೈಕ್ರಾನ್ ಇರಬೇಕು ಅಂತ ಡ್ರಾಯಿಂಗಿನಲ್ಲೇ ಬರೆದೆವು. ಅಣ್ಣನಿಗೆ ಚಾಪೆಯ ಉದಾಹರಣೆ ಹೇಳಿದಾಗ ಅವರು ಒಂದು ನಿಮಿಷ ಸುಮ್ಮನಿದ್ದು, "ಅಂದ್ರೆ ನಾನು ಚೂಪು ಮಾಡ್ದಷ್ಟೂ ನಿಮ್ ವಜ್ರಕ್ಕೆ ಕೂರಾಕೆ ಜಾಗ ಇಲ್ಲ" ಅಂದರು. ನಾನು ಒಂದು ಪುಟದಲ್ಲಿ ಬರೆದದ್ದಕ್ಕಿಂತ ಅದು ಸ್ಪಷ್ಟವಾಗಿತ್ತು.

ಗ್ರಾಹಕರನ್ನು ಒಪ್ಪಿಸಲು ಎರಡು ಸಲ ಹೋಗಬೇಕಾಯಿತು. ದಪ್ಪ ಹೆಚ್ಚಿದರೆ ಬಾಳಿಕೆ ಹೆಚ್ಚು ಅನ್ನುವುದು ಪೊರೆ ನಿಂತಿದ್ದರೆ ಮಾತ್ರ ನಿಜ. ಉದುರಿದ ಟೂಲ್ ಮತ್ತು ಅದರ ಚೂರನ್ನು ಮೇಜಿನ ಮೇಲಿಟ್ಟು ಲೆನ್ಸ್ ಅವರ ಕೈಗೆ ಕೊಟ್ಟೆ. 10 ಮೈಕ್ರಾನಿಗೆ ಒಪ್ಪಿದರು. ಅದಾದ ಮೇಲೆ ಹೋದ 6 ಮಿಲಿಮೀಟರ್ ಟೂಲ್‌ಗಳಲ್ಲಿ ಅಂಚು ಎದ್ದು ವಾಪಸ್ ಬಂದದ್ದಿಲ್ಲ.

ಸಾಕ್ಷಿ ತುಂಡೂ ಬದಲಾಗಿದೆ. ಈಗ ಟ್ರೇಯಲ್ಲಿ ಚಪ್ಪಟೆ ತುಂಡಿನ ಪಕ್ಕ ಒಂದು ಬೆಣೆಯಾಕಾರದ ತುಂಡೂ ಇರುತ್ತದೆ. ಆ ಬ್ಯಾಚಿನ ಟೂಲ್‌ಗಳನ್ನು ಉಜ್ಜಿದ ಅದೇ ವೀಲಿನಲ್ಲಿ ಉಜ್ಜಿ, ಅದೇ ಬ್ರಷ್ಷಿಗೆ ಹಿಡಿದು ಅಣ್ಣನೇ ಮಾಡಿಕೊಡುತ್ತಾರೆ. ಚಪ್ಪಟೆಯದು ರಾಮನ್ ಪರೀಕ್ಷೆಗೆ ಹೋಗುತ್ತದೆ. ಬೆಣೆ ಮೂರು ದಿನ ನನ್ನ ಮೇಜಿನ ಮೇಲಿರುತ್ತದೆ. ಮೂರನೇ ದಿನ ಅದರ ಅಂಚು ನೋಡಿದ ಮೇಲೆಯೇ ಬ್ಯಾಚ್ ಹೊರಗೆ ಹೋಗುವುದು.

1 ಮಿಲಿಮೀಟರಿನ ಸಣ್ಣ ಟೂಲ್‌ಗಳು ಇನ್ನೂ ನಮ್ಮ ಕೈಗೆ ಸಿಕ್ಕಿಲ್ಲ. ಅಷ್ಟು ಸಣ್ಣ ಅಂಚನ್ನು 10 ಮೈಕ್ರಾನಿಗೆ ದುಂಡು ಮಾಡಿದರೆ ಅದು ಕಡಿಯುವುದೇ ಇಲ್ಲ, ಸುಮ್ನೆ ಉಜ್ಜುತ್ತದೆ. ಸದ್ಯಕ್ಕೆ ಅವುಗಳಿಗೆ 5 ಮೈಕ್ರಾನ್ ಮಾತ್ರ ಬೆಳೆಸುತ್ತಿದ್ದೇವೆ. ಪದರದ ಪ್ರಯೋಗವನ್ನು ಅವುಗಳಿಂದಲೇ ಶುರು ಮಾಡಬೇಕು ಅಂತಿದ್ದೇನೆ.